ಕಟಕಟ ಯಾವ ಕಡೆಯಿಂದ?

ಕೋಲಾರ ಸೀಮೆಯಲ್ಲಿ ಜನ ಸೇರಿಸಬೇಕೆಂದರೆ ಎರಡು ದಾರಿ. ಒಂದಕ್ಕೆ ದುಡ್ಡು ಬೇಕು: ಬೋರ್‌ವೆಲ್ ಲಾರಿ ಕರೆಸಿ ಹೊಲದಲ್ಲಿ ಕೊರೆಸುವುದು. ಸಾವಿರ ಅಡಿ ದಾಟಿದರೂ ಬರೀ ಬಿಳಿ ಧೂಳೇ ಹಾರುತ್ತಿರುವಾಗ ಸುತ್ತ ನಿಂತವರು "ಇನ್ನೊಂದ್ ನೂರಡಿ ಬಿಡಣ್ಣ, ಗ್ಯಾರಂಟಿ" ಅನ್ನುತ್ತಾರೆ. ಆ ನೂರಡಿಯ ಬಿಲ್ಲು ಅವರಿಗೆ ಬರುವುದಿಲ್ಲವಲ್ಲ. ಇನ್ನೊಂದು ದಾರಿ ಪುಕ್ಕಟೆ: ಹಳೇ ಲಾರಿಯೊಂದನ್ನು ರಸ್ತೆ ಪಕ್ಕ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಬಾನೆಟ್ ಎತ್ತಿ, ತಲೆ ವಾರೆ ಮಾಡಿಕೊಂಡು ಕೇಳುತ್ತಾ ನಿಲ್ಲುವುದು. ತಂದಿಟ್ಟ ಟೀ ಆರುವಷ್ಟರಲ್ಲಿ ಹತ್ತು ಜನ, ಹನ್ನೆರಡು ಅಭಿಪ್ರಾಯ.

ನಮ್ಮ ಚಿಕ್ಕಪ್ಪನಿಗೆ ಎರಡೂ ಅನುಭವ ಆಗಿದೆ. ಬೋರ್‌ವೆಲ್ ವಿಷಯ ಎತ್ತಿದರೆ ಚಿಕ್ಕಮ್ಮ ಎದ್ದು ಒಳಗೆ ಹೋಗುತ್ತಾಳೆ. ಹಾಗಾಗಿ ಲಾರಿಯ ಮಾತನ್ನೇ ಆಡೋಣ.

ಶ್ರೀನಿವಾಸಪುರದ ಕಡೆ ಚಿಕ್ಕಪ್ಪನಿಗೊಂದು ಮಾವಿನ ತೋಪಿದೆ. ಎಳೇ ಗಿಡಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಬಾಡಿಗೆ ಟ್ಯಾಂಕರಿನವನ ಜೊತೆ ಜಗಳ ಆಡಿ ಆಡಿ ಸಾಕಾಗಿ, ನಾಲ್ಕಾರು ಕೈ ಬದಲಾಯಿಸಿಕೊಂಡು ಬಂದಿದ್ದ ಮಿಲಿಟರಿ ಡಿಸ್ಪೋಸಲ್ ಶಕ್ತಿಮಾನ್ ಲಾರಿಯೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ. ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅದಕ್ಕೇ ಕೇಳಿರಲಿಲ್ಲ.

ಶಕ್ತಿಮಾನ್ ಅಂದರೆ ನಮ್ಮ ಮನೆಯ ಮೂವತ್ತು ದಾಟಿದವರಿಗೆಲ್ಲ ದೂರದರ್ಶನದಲ್ಲಿ ಗಿರಗಿರ ತಿರುಗುತ್ತಿದ್ದ ಮುಖೇಶ್ ಖನ್ನಾ ನೆನಪಾಗುತ್ತಾನೆ. ಆ ಶಕ್ತಿಮಾನ್ ಬಂದದ್ದು 1997ರಲ್ಲಿ. ಲಾರಿ ಶಕ್ತಿಮಾನ್ ಅವನಿಗಿಂತ ಒಂದು ತಲೆಮಾರು ಹಿರಿಯ. ಜರ್ಮನಿಯ ಮಾನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. ಆಗ ಕೃಷ್ಣ ಮೆನನ್ ರಕ್ಷಣಾ ಮಂತ್ರಿ. 1969ರಲ್ಲಿ ಅಲ್ಲೇ ವಾಹನಗಳಿಗೆಂದೇ ಬೇರೆ ಫ್ಯಾಕ್ಟರಿ ಬಂತು. 1996ರಲ್ಲಿ ಶಕ್ತಿಮಾನ್ ತಯಾರಿಕೆ ನಿಂತಿತು. ಲಾರಿ ನಿಂತ ಮರುವರ್ಷವೇ ಅದೇ ಹೆಸರಿನವನು ಟಿವಿಯಲ್ಲಿ ಹಾರತೊಡಗಿದ. ಪುನರ್ಜನ್ಮ ಸುಳ್ಳು ಅನ್ನುವವರ ಬಾಯಿ ಮುಚ್ಚಿಸಲು ಚಿಕ್ಕಪ್ಪ ಈಗ ಇದನ್ನೇ ಸಾಕ್ಷಿ ಹೇಳುತ್ತಾನೆ.

1965ರಲ್ಲಿ, 1971ರಲ್ಲಿ ಗಡಿಗೆ ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತ ವಂಶ ಅದು. ಈಗ ಬಾದಾಮಿ, ಬೇನಿಶಾ, ತೋತಾಪುರಿ ಗಿಡಗಳಿಗೆ ನೀರು ಹೊರುತ್ತದೆ. ಸೈನ್ಯದ ಗಾಡಿಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾಗಿ ಒಂದು ಬಾಣ, ಅದರ ಪಕ್ಕಕ್ಕೆ ವರ್ಷದ ಎರಡು ಅಂಕಿ ಇರುತ್ತವೆ. ಸಿವಿಲ್ ಆದ ಮೇಲೆ ಬಾಣ ಹೋಗುತ್ತದೆ. ಆಲಿವ್ ಹಸಿರು ಬಣ್ಣವೂ ಹೋಗಲೇಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೇ ಮೀಸಲು. ಚಿಕ್ಕಪ್ಪ ಮೇಲೆ ಹಳದಿ ಹೊಡೆಸಿದ್ದಾನೆ. ಬಾಗಿಲ ಅಂಚಿಗೋ ಮಡ್‌ಗಾರ್ಡಿಗೋ ಕಲ್ಲು ತಾಗಿ ಹಳದಿ ಎದ್ದು ಒಳಗಿನ ಹಸಿರು ಇಣುಕಿದಾಗ ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಇವನು ನೆಂಟರನ್ನು ಕರೆದು ತೋರಿಸುತ್ತಾನೆ.

ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿ. "ಎಂಥಾ ಕೆಸರಾದ್ರೂ ಹೂತ್ಕೊಳಲ್ಲ ಸ್ವಾಮಿ" ಎಂದು ಮಾರಿದವನು ಆಣೆ ಹಾಕಿದ್ದನಂತೆ. ಕೋಲಾರದಲ್ಲಿ ಕೆಸರು! 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬೀಳುವವರೆಗೂ ನಮ್ಮ ಕಡೆಯ ಎಷ್ಟೋ ಕೆರೆಗಳಲ್ಲಿ ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಕೆಸರು ಬರುವ ಮೊದಲೇ ಕೆಸರಿಗೆ ಹೆದರದ ಗಾಡಿ ಕೊಂಡವರನ್ನು ದೂರದೃಷ್ಟಿಯವರು ಅನ್ನಬೇಕೋ ಏನನ್ನಬೇಕೋ.

ಇಂಥ ಗಾಡಿ ಒಂದು ಬೆಳಿಗ್ಗೆ ಕಟಕಟ ಅನ್ನತೊಡಗಿತು.

ಡೀಸೆಲ್ ಲಾರಿ ಸದ್ದು ಮಾಡಿದರೆ ಅದೇನು ಸುದ್ದಿಯೇ ಅನ್ನಬಹುದು. ನಿಜ, ಡೀಸೆಲ್ ಎಂಜಿನ್ನಿನ ಹುಟ್ಟುಗುಣವೇ ಬಡಿತ. ಅದಕ್ಕೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸಿಲಿಂಡರಿನೊಳಗೆ ಅದುಮಿ ಅದುಮಿ ಕಾಯಿಸಿ, ಆ ಕಾವಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಇದನ್ನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ. ಅವನಿಗೆ ಜಾಗ ಕೊಟ್ಟ ಕಾರ್ಖಾನೆಯೇ ಮುಂದೆ ಮಾನ್ ಆಯಿತು. ಚಿಮ್ಮಿದ ಡೀಸೆಲ್ ಆ ಗಳಿಗೆಗೇ ಹತ್ತುವುದಿಲ್ಲ, ಒಂದಿಷ್ಟು ತಡ ಮಾಡುತ್ತದೆ. ಆ ತಡದಲ್ಲಿ ಸೇರಿಕೊಂಡದ್ದೆಲ್ಲ ಒಟ್ಟಿಗೆ ಭಗ್ಗೆಂದಾಗ ಹೊರಗೆ ನಿಂತ ನಮಗೆ "ಟಕ್". ಎಂಜಿನ್ ತಣ್ಣಗಿದ್ದಷ್ಟೂ ತಡ ಜಾಸ್ತಿ, ಟಕ್ ಕೂಡ ಜಾಸ್ತಿ. ಮಾನ್ ಕಂಪನಿಯವರಿಗೆ ಈ ಟಕ್ ಕಂಡರೆ ಆಗುತ್ತಿರಲಿಲ್ಲ. 1950ರ ದಶಕದಲ್ಲಿ ಪಿಸ್ಟನ್ನಿನ ತಲೆಯಲ್ಲಿ ಚೆಂಡಿನಾಕಾರದ ಗುಳಿ ಕೊರೆದು, ಡೀಸೆಲ್ಲನ್ನು ಗಾಳಿಗೆ ಎರಚುವ ಬದಲು ಹೆಚ್ಚುಪಾಲನ್ನು ಆ ಗುಳಿಯ ಗೋಡೆಗೆ ತೆಳ್ಳಗೆ ಬಳಿದು, ಸಾವಕಾಶವಾಗಿ ಉರಿಯುವಂತೆ ಮಾಡಿದರು. ಪಿಸುಗುಡುವ ಎಂಜಿನ್ ಎಂದು ಅದಕ್ಕೆ ಹೆಸರೇ ಬಂತು. ಆ ಮನೆತನದ ಗಾಡಿ ಕೋಲಾರ ಜಿಲ್ಲೆಗೆ ಬಂದು ಹರಟೆ ಕಲಿಯಿತು. ಸಹವಾಸ ದೋಷ.

ಮೊದಲ ಪಂಚಾಯ್ತಿ ಮನೆಯಲ್ಲೇ ನಡೆಯಿತು. "ಬಂದಾಗ್ಲಿಂದ ಹಿಂಗೇ ಬಡ್ಕೊಳ್ತಾ ಇದೆ, ನಿಮಗೆ ಇವತ್ತು ಕೇಳಿಸ್ತು ಅಷ್ಟೆ" ಅಂದಳು ಚಿಕ್ಕಮ್ಮ. ನರಸಾಪುರದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ತಮ್ಮ ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗೆಳೆಯರಿಗೆಲ್ಲ ಕಳಿಸಿದ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗು ಸ್ವರದ ಗುದ್ದು ಬರುವುದೇ ಇಲ್ಲ; ಎಷ್ಟು ದೊಡ್ಡ ಲಾರಿಯಾದರೂ ಒಗ್ಗರಣೆ ಸಿಡಿದ ಹಾಗೆ ಕೇಳುತ್ತದೆ. ಆದರೂ ಉತ್ತರಗಳು ತಟ್ಟನೆ ಬಂದವು. ಒಬ್ಬ ಟ್ಯಾಪೆಟ್ ಅಂದ, ಒಬ್ಬ ರಿಂಗು ಅಂದ, ಒಬ್ಬ "ಮಾರ್ಬಿಡು ಮಗಾ" ಅಂದ. ಮೂರನೆಯ ಉತ್ತರಕ್ಕೆ ಚಿಕ್ಕಮ್ಮನ ಸಹಮತ ಸಿಕ್ಕಿತು.

ತಮ್ಮನ ವಾದವೇ ಬೇರೆ. ಈಗಿನ ಕಾಮನ್ ರೇಲ್ ಎಂಜಿನ್‌ಗಳಲ್ಲಿ ಕಂಪ್ಯೂಟರು ಮೊದಲು ಒಂದು ಹನಿ ಡೀಸೆಲ್ ಚಿಮ್ಮಿಸಿ ಉರಿ ಹತ್ತಿಸಿಕೊಂಡು, ಆಮೇಲೆ ಉಳಿದದ್ದನ್ನು ಬಿಡುತ್ತದೆ; ಹಾಗಾಗಿ ಟಕ್ಕೇ ಬರುವುದಿಲ್ಲ; ಬಂದರೂ ಸ್ಕ್ಯಾನರ್ ಚುಚ್ಚಿದರೆ ಯಾವ ಸಿಲಿಂಡರ್ ಎಂದು ಅದೇ ಬರೆದು ಕೊಡುತ್ತದೆ. ಹೌದು ಮಾರಾಯ, ಆದರೆ ಈ ಗಾಡಿಯಲ್ಲಿ ಚುಚ್ಚಲು ತೂತೇ ಇಲ್ಲವಲ್ಲ. ಇದರಲ್ಲಿರುವ ಒಂದೇ ಕಂಪ್ಯೂಟರ್ ಎಂದರೆ ಆಯಿಲ್ ಪ್ರೆಶರ್ ಗೇಜಿನ ಮುಳ್ಳು.

ಕೋಲಾರದಿಂದ ಮುಳಬಾಗಿಲ ಕಡೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಸರಿದರೆ ಒಂದು ಲಾರಿ ಗ್ಯಾರೇಜಿದೆ. ಯಜಮಾನರನ್ನು ಊರೆಲ್ಲ ಭಾಯ್ ಅನ್ನುತ್ತದೆ. ಲಾರಿ ಅಲ್ಲಿಗೆ ಹೋಯಿತು, ಲಾರಿಯ ಹಿಂದೆ ನಾವು ಹೋದೆವು, ನಮ್ಮ ಹಿಂದೆ ತಜ್ಞರು ಬಂದರು.

ಮೊದಲು ಬಂದವರು ಸುಬೇದಾರ್ ಮಾವ. ಇಎಂಇ ಎಂದರೆ ಸೈನ್ಯದ ಗಾಡಿ, ಫಿರಂಗಿ, ವೈರ್‌ಲೆಸ್ ಎಲ್ಲ ರಿಪೇರಿ ಮಾಡುವ ದಳ. ಅಲ್ಲಿ ಸರ್ವಿಸ್ ಮುಗಿಸಿದವರು. ಅವರ ಯಾವ ಮಾತೂ ಲೇಹ್ ಮುಟ್ಟದೆ ಕೋಲಾರಕ್ಕೆ ಬರುವುದಿಲ್ಲ.

"ಲೇಹ್‌ನಾಗೆ ಮೈನಸ್ ಡಿಗ್ರಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಶಕ್ತಿಮಾನ್ ಇದರ ಎರಡರಷ್ಟು ಹೊಡ್ಕೊಳ್ತಿತ್ತು. ಯಾರ್ ಕೇಳ್ತಿದ್ರು?"

"ಇಲ್ಲಿ ಬೆವರು ಸುರೀತಿದೆ ಮಾವ" ಅಂದೆ.

"ಅದಕ್ಕೇ ಹೇಳಿದ್ದು ನಾನು. ಬಿಗ್ ಎಂಡ್ ಬೇರಿಂಗ್ ಹೋಗಿದೆ."

ಎರಡನೆಯವರು ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ನಿವೃತ್ತರಾದವರು, ದೂರದಿಂದ ನಮಗೆ ಬೀಗರು. ಜೆಕೊಸ್ಲೊವಾಕಿಯಾದ ಟಾಟ್ರಾ ಲಾರಿಗಳಿಗೆ ಬಿಇಎಂಎಲ್ 1986ರಲ್ಲಿ ಒಪ್ಪಂದ ಮಾಡಿಕೊಂಡಿತು. ಪಿನಾಕ ರಾಕೆಟ್, ಬ್ರಹ್ಮೋಸ್ ಕ್ಷಿಪಣಿ ಹೊರುವುದು ಆ ಜಾತಿಯ ಗಾಡಿಗಳೇ. ಟಾಟ್ರಾದ ವಿ-8, ವಿ-12 ಎಂಜಿನ್‌ಗಳಿಗೆ ನೀರಿನ ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ತಣಿಯುತ್ತವೆ. ಸಿಲಿಂಡರಿನ ಸುತ್ತ ನೀರಿನ ಹೊದಿಕೆ ಇಲ್ಲದ್ದರಿಂದ ಒಳಗಿನ ಸದ್ದು ಸಲೀಸಾಗಿ ಹೊರಗೆ ಬರುತ್ತದೆ. ಅದನ್ನು ಕೇಳಿ ಪಳಗಿದ ಬೀಗರ ಕಿವಿಗೆ ಬೇರೆ ಯಾವ ಎಂಜಿನ್ನೂ ಸದ್ದು ಮಾಡುತ್ತದೆ ಅನ್ನಿಸುವುದಿಲ್ಲ. ಬಾನೆಟ್ಟಿನೊಳಗೆ ಒಮ್ಮೆ ಬಗ್ಗಿ "ನಾರ್ಮಲ್" ಅಂದರು. ಚಿಕ್ಕಪ್ಪ ಎಕ್ಸಿಲೇಟರ್ ಒತ್ತಿದ. ಗ್ಯಾರೇಜಿನ ತಗಡು ಅದುರಿತು. ಬೀಗರು ಸ್ವಲ್ಪ ಯೋಚನೆ ಮಾಡಿ, "ಸ್ವಲ್ಪ ಜಾಸ್ತಿ ನಾರ್ಮಲ್" ಅಂದರು.

ಎಪಿಎಂಸಿಯಿಂದ ಟೊಮೆಟೊ ಲೋಡು ಹೊಡೆಯುವ ಡ್ರೈವರೊಬ್ಬ ಓಡುತ್ತಲೇ ಬಂದು "ಟೈಮಿಂಗ್ ಗೇರ್" ಅಂದು ಓಡುತ್ತಲೇ ಹೋದ. ಅವನ ಸರಕು ಕಾಯುವಂಥದ್ದಲ್ಲ. ತಿರುಚೆಂಗೋಡಿನ ಬೋರ್‌ವೆಲ್ ಗಾಡಿಯವನು ತಮಿಳಿನಲ್ಲಿ ಕಂಪ್ರೆಸರ್ ಅಂದ. ಅವನ ಕಸುಬಿನಲ್ಲಿ ಕೆಡುವುದೆಲ್ಲ ಕಂಪ್ರೆಸರೇ, ಪಾಪ. ಹೂವಿನ ಬುಟ್ಟಿ ಹೊತ್ತಿದ್ದ ಅಜ್ಜಿ ತೆಲುಗಿನಲ್ಲಿ "ದಿಷ್ಟಿ ತಗಿಲಿಂದಿ" ಅಂದು ನಿಂಬೆಹಣ್ಣು ಕಟ್ಟಲು ಹೇಳಿದಳು. "ಅದನ್ನೂ ಮಾಡ್ಬಿಡೋಣ ಅವ್ವಾ, ಎಲ್ಲದಕ್ಕಿಂತ ಕಡಿಮೆ ಖರ್ಚು ಅದೇ" ಅಂದರು ಭಾಯ್.

ಭಾಯ್ ಅಲ್ಲಿಯವರೆಗೆ ಒಂದು ಸ್ಪ್ಯಾನರನ್ನೂ ಮುಟ್ಟಿರಲಿಲ್ಲ. ಚಿಕ್ಕಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ಪ್ರಶ್ನೆ ಶುರು ಮಾಡಿದರು. ಮೆಲ್ಲಗೆ ಬೆಳೀತಾ, ಒಂದೇ ಸಲ ಬಂತಾ? ತಣ್ಣಗಿದ್ದಾಗ ಜಾಸ್ತಿನಾ, ಬಿಸಿ ಆದ್ಮೇಲೆ ಜಾಸ್ತಿನಾ? ಲೋಡು ಎಳೆಯುವಾಗಲಾ, ಎಕ್ಸಿಲೇಟರ್ ಬಿಟ್ಟಾಗಲಾ? ಹೊಗೆ ಯಾವ ಬಣ್ಣ? ಆಯಿಲ್ ಬದಲಾಯಿಸಿದ್ದು ಯಾವಾಗ? ಚಿಕ್ಕಪ್ಪ ಮೊದಲ ಪ್ರಶ್ನೆಗೆ ಉತ್ತರವಾಗಿ ಲಾರಿ ಕೊಂಡ ಕಥೆಯನ್ನು ಮೊದಲಿನಿಂದ ಹೇಳಿದ. ಭಾಯ್ ತಾಳ್ಮೆಯಿಂದ ಕೇಳಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಒಳ್ಳೇ ಡಾಕ್ಟರುಗಳಲ್ಲೂ ಈ ಗುಣ ಅಪರೂಪ.

ಸಂಗತಿ ಇಷ್ಟು: ಒಂದೇ ಸಲ ಬಂದದ್ದು, ಬಿಸಿಯಾದರೂ ಹೋಗದ್ದು, ಏರಿನಲ್ಲಿ ಜಾಸ್ತಿಯಾಗುವುದು, ಜೊತೆಗೆ ಕರೀ ಹೊಗೆ.

ಆಮೇಲೆ ಭಾಯ್ ಬಾಯಲ್ಲೇ ಎಲ್ಲ ರೋಗಗಳನ್ನೂ ನುಡಿಸಿ ತೋರಿಸಿದರು. ನಾಲಿಗೆ ಅಂಗುಳಿಗೆ ತಾಗಿಸಿ "ಟಿಕ್ ಟಿಕ್ ಟಿಕ್": ಇದು ಟ್ಯಾಪೆಟ್, ಎಂಜಿನ್ನಿನ ನೆತ್ತಿಯಿಂದ ಬರುತ್ತದೆ, ಕ್ಯಾಮ್ ತಿರುಗುವ ಲೆಕ್ಕದಲ್ಲಿ, ಅಂದರೆ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಫೀಲರ್ ಗೇಜ್ ತೂರಿಸಿ ಸಂದು ಸರಿಮಾಡಿದರೆ ಮುಗಿಯಿತು. "ಟಕಟಕ್, ಟಕಟಕ್" ಎಂದು ಜೋಡಿಯಾಗಿ ಬಂದರೆ ಪಿಸ್ಟನ್ ಪಿನ್ನು ಸಡಿಲ, ನಿಂತಲ್ಲೇ ಓಡುವಾಗ ಚೆನ್ನಾಗಿ ಕೇಳುತ್ತದೆ. ಬೆಳಿಗ್ಗೆ ಬಡಿದು ಬಿಸಿಯಾದ ಮೇಲೆ ಸುಮ್ಮನಾದರೆ ಪಿಸ್ಟನ್ನು ಸವೆದು ಸಿಲಿಂಡರಿನೊಳಗೆ ಓಲಾಡುತ್ತಿದೆ. ಮುಂಭಾಗದಲ್ಲಿ "ಗಲಗಲ" ಅಂದರೆ ಟೈಮಿಂಗ್ ಗೇರು. ಆಮೇಲೆ ದನಿ ತಗ್ಗಿಸಿ, ಎದೆಯಿಂದ "ದಬ್... ದಬ್" ಅಂದರು. ಸುಬೇದಾರ್ ಮಾವ ನೆಟ್ಟಗಾದರು. ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗು, ಎಕ್ಸಿಲೇಟರ್ ಒತ್ತಿ ಥಟ್ಟನೆ ಬಿಟ್ಟಾಗ ಎದ್ದು ಕೇಳುತ್ತದೆ, ಆಯಿಲ್ ಪ್ರೆಶರಿನ ಮುಳ್ಳು ಕೆಳಗಿಳಿದಿರುತ್ತದೆ. ಅದಕ್ಕಿಂತಲೂ ತಗ್ಗಿನಲ್ಲಿ, ಕಿವಿಗಿಂತ ಮೊದಲು ಕ್ಯಾಬಿನ್ನಿನ ತಗಡಿನ ಮೂಲಕ ಅಂಗಾಲಿಗೇ ತಿಳಿಯುವಂಥದ್ದು ಮೇನ್ ಬೇರಿಂಗು. "ಅದನ್ನ ನಾನು ಮಾಡಿ ತೋರಿಸಲ್ಲ" ಅಂದರು ಭಾಯ್, "ಗಿರಾಕಿಗಳು ಹೆದರ್ಕೊಳ್ತಾರೆ."

ಕೇಳುವ ಸಾಧನ ಎಂದರೆ ಮೊಳದುದ್ದದ ಒಂದು ಸ್ಕ್ರೂಡ್ರೈವರ್. ತುದಿಯನ್ನು ಎಂಜಿನ್ನಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡರೆ ಹೊರಗಿನ ಗದ್ದಲ ಹಿಂದಾಗಿ ಒಳಗಿನ ಸದ್ದು ಮುಂದಾಗುತ್ತದೆ. 1816ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಲೆನೆಕ್ ಕಾಗದವನ್ನು ಕೊಳವೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದೇ ಸ್ಟೆತಸ್ಕೋಪಿನ ಮೂಲ. ಅಷ್ಟು ದೂರ ಹೋಗುವುದೇಕೆ? ಗಣಿ ಕೆಲಸದವರು ಸಿಡಿಮದ್ದು ಹಾರಿಸಿದ ಮೇಲೆ ನೆತ್ತಿಯ ಬಂಡೆಯನ್ನು ಕಬ್ಬಿಣದ ಗಡಾರಿಯಿಂದ ಬಡಿದು ಕೇಳುತ್ತಾರೆ. ಠಣ್ಣೆಂದರೆ ಗಟ್ಟಿ, ಬೊದ್ದೆಂದರೆ ಸಡಿಲ, ಓಡು. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಒತ್ತಡ ತಾಳದೆ ಸಿಡಿಯುತ್ತಿತ್ತು. ಬಂಡೆಯ ವರ್ತನೆ ಓದುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದು ಸುಮ್ಮನೆ ಅಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು, ಆ ಕಿವಿಗಳೆಲ್ಲ ಮೇಲೆ ಬಂದವು. ಇನ್ನೂ ಒಂದು ಮಾತು. ಯಾವ ಸದ್ದೂ ಮಾಡದ, ಭೂಮಿಯನ್ನೇ ತೂರಿಕೊಂಡು ಹೋಗುವ ನ್ಯೂಟ್ರಿನೋ ಕಣಗಳ ಸುಳಿವನ್ನು ವಿಜ್ಞಾನಿಗಳು 1965ರಲ್ಲಿ ಇದೇ ಕೆಜಿಎಫ್ ಗಣಿಯ ಆಳದಲ್ಲಿ ಹಿಡಿದರು. ಅಂಥ ಜಿಲ್ಲೆಯಲ್ಲಿ, ಫರ್ಲಾಂಗು ದೂರಕ್ಕೆ ಕೇಳುವಂತೆ ಬಡಿದುಕೊಳ್ಳುವ ಲಾರಿಯ ರೋಗ ಸಿಗದಿದ್ದರೆ ಮರ್ಯಾದೆ ಪ್ರಶ್ನೆ.

ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಭಾಯ್ ಒಮ್ಮೆ ನಮ್ಮೆಲ್ಲರ ಕಡೆ ನೋಡಿದರು. ಹುಡುಗನನ್ನು ಕರೆದು, "ಎಲ್ಲರಿಗೂ ಟೀ ಕೊಡಿಸು, ಇಲ್ಲಿಗೆ ತರಬೇಡ, ಅಲ್ಲೇ ಹೋಟ್ಲಲ್ಲಿ ಕೂರ್ಸಿ ಕೊಡ್ಸು" ಅಂದರು. ಟೊಮೆಟೊ ಡ್ರೈವರ್ ಮೊದಲೇ ಹೋಗಿದ್ದ, ಉಳಿದ ಶಬ್ದಗಳೆಲ್ಲ ಈಗ ಎದ್ದು ಹೋದವು. ಅವತ್ತು ಗ್ಯಾರೇಜಿನಲ್ಲಿ ಆದ ಮೊದಲ ರಿಪೇರಿ ಅದು. ಸುಬೇದಾರ್ ಮಾವ ಮಾತ್ರ ಟೀ ಬಿಟ್ಟು ಬಹಳ ವರ್ಷ ಆಯ್ತು ಅಂದು ಉಳಿದುಕೊಂಡರು.

ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿದರು. ಬೆಲ್ಟ್ ಇಲ್ಲದಿದ್ದರೆ ವಾಟರ್ ಪಂಪು, ಡೈನಮೋ ಎರಡೂ ನಿಲ್ಲುತ್ತವೆ. ಅವುಗಳ ಬೇರಿಂಗು ಕಿರುಚುತ್ತಿದ್ದರೆ ಸದ್ದೂ ನಿಲ್ಲಬೇಕು. ನೀರು ಸುತ್ತದ ಎಂಜಿನ್ ಬೇಗ ಕಾಯುತ್ತದಾದ್ದರಿಂದ ಈ ಪರೀಕ್ಷೆ ಒಂದೆರಡು ನಿಮಿಷದ್ದಷ್ಟೇ. ಕಟಕಟ ಹಾಗೇ ಇತ್ತು. ಬೆಲ್ಟ್ ಮತ್ತೆ ಹಾಕಿ, ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ತುಳಿದು ಗಾಳಿ ಟ್ಯಾಂಕ್ ಇಳಿಸಿದರು. ಟ್ಯಾಂಕ್ ಖಾಲಿಯಾದರೆ ಕಂಪ್ರೆಸರ್ ಮೈಮುರಿದು ದುಡಿಯುತ್ತದೆ, ತುಂಬಿದರೆ ಸುಮ್ಮನೆ ತಿರುಗುತ್ತದೆ. ದೋಷ ಅದರದೇ ಆಗಿದ್ದರೆ ಎರಡು ಹೊತ್ತಿನಲ್ಲಿ ಎರಡು ದನಿ ಬರಬೇಕು. ಎಂಜಿನ್ ಬಡಿತ ಎಂದು ತಿಳಿದು ಎಂಜಿನ್ನೇ ಬಿಚ್ಚಿ ಹಾಕಿ, ಕೊನೆಗೆ ನೋಡಿದರೆ ಕಂಪ್ರೆಸರ್ ಆಗಿದ್ದ ಕಥೆಗಳು ಲಾರಿಯವರಲ್ಲಿ ಬೇಕಾದಷ್ಟಿವೆ, ಹಾಗಾಗಿ ತಿರುಚೆಂಗೋಡಿನವನ ಮಾತನ್ನು ನಗುವ ಹಾಗಿರಲಿಲ್ಲ. ಆದರೆ ಇಲ್ಲಿ ದನಿ ಬದಲಾಗಲಿಲ್ಲ. ಡಿಪ್‌ಸ್ಟಿಕ್ಕಿನ ಆಯಿಲನ್ನು ಬೆರಳಿಗೆ ತಿಕ್ಕಿ ಬಿಸಿಲಿಗೆ ಹಿಡಿದು ನೋಡಿದರು. ಬೇರಿಂಗ್ ಸವೆದಿದ್ದರೆ ಲೋಹದ ಮಿಂಚು ಕಾಣಬೇಕು. ಕಾಣಲಿಲ್ಲ. ಗೇಜಿನ ಮುಳ್ಳೂ ತನ್ನ ಜಾಗದಲ್ಲೇ ಇತ್ತು.

"ಗೇಜನ್ನ ನಂಬಬೇಡಿ" ಅಂದರು ಸುಬೇದಾರ್ ಮಾವ.

"ಹಂಗಾದ್ರೆ ಯಾರನ್ನ ನಂಬ್ಲಿ ಸಾಬ್?" ಅಂದರು ಭಾಯ್, ಬಹಳ ವಿನಯದಿಂದ.

ಅಸಲು ಪರೀಕ್ಷೆ ಆಮೇಲೆ. ಎಂಜಿನ್ ನಿಂತಲ್ಲೇ ಓಡುತ್ತಿರಲಿ. ಆರು ಸಿಲಿಂಡರಿಗೂ ಪಂಪಿನಿಂದ ಆರು ಸಣ್ಣ ಉಕ್ಕಿನ ಪೈಪು ಹೋಗಿರುತ್ತವೆ. ಒಂದು ಪೈಪಿನ ನಟ್ಟನ್ನು ಬಟ್ಟೆ ಮುಚ್ಚಿ ಸ್ವಲ್ಪ ಸಡಿಲ ಮಾಡಿದರೆ ಡೀಸೆಲ್ ಹೊರಗೇ ಸೋರಿ ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ, ಉಳಿದ ಐದು ಎಳೆಯುತ್ತವೆ. ಹೀಗೆ ಒಂದೊಂದನ್ನೇ ಸುಮ್ಮನಾಗಿಸುತ್ತಾ ಹೋಗಬೇಕು. ಕೈ ಹುಷಾರು, ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮದೊಳಗೇ ಇಳಿಯುತ್ತದೆ. ಭಾಯ್ ಮಗ್ಗಿ ಒಪ್ಪಿಸುತ್ತಾ "ಒಂದು, ಐದು, ಮೂರು, ಆರು, ಎರಡು, ನಾಲ್ಕು" ಅಂದರು. ಆರು ಸಿಲಿಂಡರಿನ ಲಾರಿಗಳು ಸಾಮಾನ್ಯವಾಗಿ ಉರಿಯುವ ಸರದಿ ಅದು. ಶಾಲೆಯ ಮಗ್ಗಿ ಮರೆತ ಮೆಕ್ಯಾನಿಕ್ಕುಗಳೂ ಇದನ್ನು ಮರೆಯುವುದಿಲ್ಲ. ಒಂದನೆಯದನ್ನು ಸಡಿಲಿಸಿದಾಗ ಎಂಜಿನ್ ಕುಂಟಿತು, ಕಟಕಟ ಉಳಿಯಿತು. ಐದು, ಮೂರು, ಆರು, ಎರಡು, ಎಲ್ಲಕ್ಕೂ ಅದೇ. ನಾಲ್ಕನೆಯದಕ್ಕೆ ಸ್ಪ್ಯಾನರ್ ಹಾಕಿ ತಿರುವುತ್ತಲೂ ಕಟಕಟ ಗಪ್‌ಚಿಪ್.

"ನಾನ್ ಹೇಳ್ಲಿಲ್ವಾ" ಅಂದರು ಸುಬೇದಾರ್ ಮಾವ. "ನಾಲ್ಕನೇದರ ಬಿಗ್ ಎಂಡ್. ಬಿಚ್ಚಿ."

ಅವರ ಮಾತಿನಲ್ಲಿ ಹುರುಳಿತ್ತು. ಉರಿಯ ಹೊಡೆತ ನಿಂತರೆ ಸಡಿಲ ಬೇರಿಂಗೂ ಸುಮ್ಮನಾಗುತ್ತದೆ. ಆದರೆ ಬೇರಿಂಗ್ ಎಂದ ಕೂಡಲೇ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಇಳಿಸಬೇಕು, ಕ್ರ್ಯಾಂಕ್ ಸವೆದಿದ್ದರೆ ಅದನ್ನು ಹೊರಗೆ ತೆಗೆದು ಗ್ರೈಂಡಿಂಗಿಗೆ ಕಳಿಸಬೇಕು, ಈ ವಯಸ್ಸಿನ ಗಾಡಿಗೆ ಬೇರಿಂಗ್ ಹುಡುಕಿಕೊಂಡು ಬೆಂಗಳೂರಿನ ಕಲಾಸಿಪಾಳ್ಯ ಸುತ್ತಬೇಕು. ಅಷ್ಟರಲ್ಲಿ ತೋಪಿನ ಗಿಡ ಒಣಗಿರುತ್ತದೆ. ಚಿಕ್ಕಪ್ಪನ ಮುಖದಲ್ಲಿ ಆ ಹಳದಿ ಬಣ್ಣ ಇಳಿದು ಒಳಗಿನ ಹಸಿರು ಕಾಣತೊಡಗಿತ್ತು.

ಭಾಯ್ ಬೇರಿಂಗಿನ ತಂಟೆಗೇ ಹೋಗಲಿಲ್ಲ. ಎಂಜಿನ್ ನಿಲ್ಲಿಸಿ, ನಾಲ್ಕನೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನೂ ಎರಡನೆಯದರ ಇಂಜೆಕ್ಟರನ್ನೂ ಕಿತ್ತು ಅದಲುಬದಲು ಹಾಕಿದರು. ಮತ್ತೆ ಸ್ಟಾರ್ಟ್. ಕಟಕಟ ಇತ್ತು. ನಾಲ್ಕನೆಯದನ್ನು ಸಡಿಲಿಸಿದರು: ಕಟಕಟ ಹೋಗಲಿಲ್ಲ. ಎರಡನೆಯದನ್ನು ಸಡಿಲಿಸಿದರು: ಹೋಯಿತು. ಸದ್ದು ಮನೆ ಬದಲಾಯಿಸಿತ್ತು! ಬೇರಿಂಗು ಎದ್ದು ಬೇರೆ ಸಿಲಿಂಡರಿಗೆ ನಡೆದು ಹೋಗುವುದಿಲ್ಲ, ಪಿಸ್ಟನ್ ಪಿನ್ನೂ ಹೋಗುವುದಿಲ್ಲ, ಪಂಪಿನ ನಾಲ್ಕನೇ ಎಲಿಮೆಂಟೂ ತನ್ನ ಜಾಗ ಬಿಡುವುದಿಲ್ಲ. ಜಾಗ ಬದಲಾಯಿಸಿದ್ದು ಇಂಜೆಕ್ಟರ್ ಒಂದೇ. ನನ್ನ ಕೇಳಿದರೆ, ಕೋರ್ಟುಗಳಲ್ಲೂ ಸಾಕ್ಷಿಗಳನ್ನು ಹೀಗೆ ಅದಲುಬದಲು ಕೂರಿಸಿ ನೋಡುವ ಪದ್ಧತಿ ಬಂದರೆ ಎಷ್ಟೋ ಕೇಸು ಮುಗಿದಾವು.

"ಲೇಹ್‌ನಾಗೂ ಒಂದ್ಸಲ ಹಿಂಗೇ ಆಗಿತ್ತು" ಅಂದರು ಸುಬೇದಾರ್ ಮಾವ. ಅಷ್ಟು ಬೇಗ ಪಕ್ಷ ಬದಲಾಯಿಸಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಎರಡೂ ಇಂಜೆಕ್ಟರುಗಳನ್ನು ಪಂಪ್ ಸರ್ವಿಸಿನವನ ಹತ್ತಿರ ಒಯ್ದೆವು. ನಮ್ಮ ಕಡೆ ಲಾರಿಯವರಿಗೆ ಈ ಸಾಮಾನೆಲ್ಲ ಮೈಕೋ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟ ಆ ಕಂಪನಿ 2008ರಲ್ಲೇ ಹೆಸರು ಬದಲಿಸಿ ಬಾಷ್ ಆಗಿದೆ, ಆದರೆ ಆ ಸುದ್ದಿ ಗ್ಯಾರೇಜುಗಳಿಗೆ ಇನ್ನೂ ಅಧಿಕೃತವಾಗಿ ಮುಟ್ಟಿಲ್ಲ. ನಾಸಲ್ ಟೆಸ್ಟರ್ ಎಂದರೆ ಒಂದು ಗೇಜು, ಒಂದು ಸಣ್ಣ ಡೀಸೆಲ್ ಡಬ್ಬಿ, ಒಂದು ಕೈ ಹಿಡಿ. ಹಿಡಿ ಒತ್ತಿದಾಗ ಒಳ್ಳೇ ನಾಸಲ್, ಅಂದರೆ ಇಂಜೆಕ್ಟರಿನ ಮೂತಿ, "ಕರ್ರ್ ಕರ್ರ್" ಎಂದು ನಡುಗುತ್ತಾ ಮಂಜಿನಷ್ಟು ಸಣ್ಣಗೆ ಚಿಮ್ಮಿಸುತ್ತದೆ. ಮೊದಲು ಎರಡನೇ ಸಿಲಿಂಡರಿನಲ್ಲಿದ್ದದ್ದು ಚೆನ್ನಾಗಿ ಕರಕರ ಅಂದಿತು. ನಮ್ಮ ನಾಲ್ಕನೆಯದು ಒಂದು ಮಾತೂ ಆಡದೆ ತೊಟತೊಟ ಸುರಿಸಿ, ಹಿಡಿ ಬಿಟ್ಟ ಮೇಲೂ ಮೂತಿಯಲ್ಲಿ ಒಂದು ಹನಿ ನೇತುಹಾಕಿಕೊಂಡು ಕೂತಿತು. ಸೂಜಿ ಕೂರುವ ಜಾಗ ಸವೆದು ಸೋರುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸೋರಿದ ಡೀಸೆಲ್ ಸಿಲಿಂಡರಿನಲ್ಲಿ ಗುಡ್ಡೆಯಾಗಿ ಒಮ್ಮೆಗೇ ಹತ್ತುತ್ತಿತ್ತು. ಕಟಕಟ ಅದರದು, ಕರೀ ಹೊಗೆಯೂ ಅದರದೇ.

ಒಳ್ಳೇ ನಾಸಲ್ ಸದ್ದು ಮಾಡಬೇಕು, ಸುಮ್ಮನಿರುವುದೇ ಕೆಟ್ಟದ್ದು ಎಂಬ ಈ ಸಂಗತಿಯನ್ನು ಚಿಕ್ಕಪ್ಪ ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಆವಿಷ್ಕಾರ ಮಾಡಿದವನ ಗತ್ತಿನಲ್ಲಿ ಹೇಳಿದ. "ಇದನ್ನೇ ನಾನು ಮದುವೆ ಆದಾಗ್ಲಿಂದ ಹೇಳ್ತಿರೋದು" ಅಂದು ಚಿಕ್ಕಮ್ಮ ಇನ್ನೊಂದು ಮುದ್ದೆ ಹಾಕಿದಳು.

ಆದರೆ ನಾಸಲ್ ಯಾಕೆ ಕೆಟ್ಟಿತು? ಭಾಯ್ ಡೀಸೆಲ್ ಫಿಲ್ಟರ್ ಬಿಚ್ಚಿದಾಗ ತಳದಲ್ಲಿ ನೀರು, ತುಕ್ಕು, ಮತ್ತು ಮಾವಿನ ತೋಪಿನ ಒಂದಿಷ್ಟು ಮಣ್ಣು ಸಿಕ್ಕಿತು. ವಿಚಾರಣೆಯಲ್ಲಿ ಹೊರಬಿದ್ದದ್ದು: ಬಂಕಿಗೆ ಮತ್ತೆ ಮತ್ತೆ ಹೋಗುವ ಕಷ್ಟ ಬೇಡವೆಂದು ಚಿಕ್ಕಪ್ಪ ತೋಪಿನಲ್ಲಿ ಹಳೇ ಡ್ರಮ್ಮಿನಲ್ಲಿ ಡೀಸೆಲ್ ತುಂಬಿಸಿಟ್ಟು, ಗಿಡಕ್ಕೆ ನೀರು ಹೊಡೆಯುವ ಅದೇ ಬಕೆಟ್ಟಿನಲ್ಲಿ ಮೊಗೆದು ಹಾಕುತ್ತಿದ್ದ. ಇಂಜೆಕ್ಟರಿನ ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದು. ಅಲ್ಲಿಗೆ ಶ್ರೀನಿವಾಸಪುರದ ಕೆಮ್ಮಣ್ಣು ಕಳಿಸಿದರೆ ಅದು ತಾನೇ ಏನು ಮಾಡೀತು? "ಡ್ರಮ್ಮು ಸೈನ್ಯದ್ದೇ, ಡಿಸ್ಪೋಸಲ್‌ದು" ಅಂದ ಚಿಕ್ಕಪ್ಪ, ಅದೊಂದು ಸಮಜಾಯಿಷಿ ಎಂಬಂತೆ. ಭಾಯ್ ಮಾತಾಡಲಿಲ್ಲ. ಬಿಲ್ಲಿನಲ್ಲಿ ಫಿಲ್ಟರಿನ ಕೆಳಗೆ "ಹೊಸ ಬಕೇಟು, ಮುಚ್ಚಳ ಸಮೇತ" ಎಂದು ಬರೆದು, ಮುಂದೆ ಸೊನ್ನೆ ಹಾಕಿದ್ದರು.

ಹೊಸ ನಾಸಲ್ ಬಿತ್ತು, ಕಟಕಟ ಹೋಯಿತು. ಬಿಇಎಂಎಲ್ ಬೀಗರು ಬಂದು ಕೇಳಿ, "ಈಗ ಏನೋ ಸರಿಯಿಲ್ಲ, ತುಂಬಾ ಸೈಲೆಂಟಾಗಿದೆ" ಅಂದು ಅನುಮಾನ ಪಟ್ಟರು. ಚಿಕ್ಕಪ್ಪ ಗಾಡಿ ತೆಗೆದುಕೊಂಡು ತೋಪಿನ ಕಡೆ ಹೊರಟ. ಎಂಜಿನ್ನಿನ ಬಡಿತದ ಅಡಿ ಇಷ್ಟು ಕಾಲ ಅಡಗಿದ್ದ ಉಳಿದ ಸದ್ದುಗಳಿಗೆಲ್ಲ ಈಗ ಬಾಯಿ ಬಂದಿತ್ತು. ದಾರಿಯಲ್ಲೇ ಭಾಯ್‌ಗೆ ಫೋನು ಬಂತು.

"ಭಾಯ್, ಕೆಳಗಡೆ ಒಂಥರಾ ಕುಂಯ್ ಅಂತಿದೆ. ಸಣ್ಣಗೆ. ಅಳ್ತಾ ಇರೋ ಹಂಗೆ."

"ಕ್ಲಚ್ ಒತ್ತಿದ್ರೆ ನಿಲ್ತದಾ?"

"ಇಲ್ಲ. ನ್ಯೂಟ್ರಲ್‌ನಾಗೆ ಉರುಳಿದ್ರೂ ಅಂತದೆ."

"ಮುಂದಿನ ಆಕ್ಸಲ್ ಹಾಕಿದ್ದೀರಾ, ತೆಗೆದಿದ್ದೀರಾ?"

ಚಿಕ್ಕಪ್ಪ ಲಾರಿ ಕೊಂಡ ಕಥೆಯನ್ನು ಮೊದಲಿನಿಂದ ಶುರು ಮಾಡಿದ.